ಬಿಟ್ಟ ಉಸಿರಿನ ಲೆಕ್ಕ

ಪಳಗಿದ ಈಜುಗಾರ ಉಸಿರಾಡುವ ಬಗೆ ತಿಳಿಯಬೇಕೆಂದರೆ ಕೊಳದ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಅವನ ಬಾಯಿಯನ್ನಷ್ಟೇ ನೋಡಬೇಕು. ಫ್ರೀಸ್ಟೈಲ್‌ನಲ್ಲಿ ತಲೆ ಮೇಲೇಳುವುದಿಲ್ಲ, ಪಕ್ಕಕ್ಕೆ ಹೊರಳುತ್ತದೆ. ಒಂದು ಕಣ್ಣು ಇನ್ನೂ ನೀರಲ್ಲೇ. ಮುನ್ನುಗ್ಗುವ ತಲೆಯ ಪಕ್ಕದಲ್ಲಿ ನೀರು ತಗ್ಗಿ ಪುಟ್ಟ ಗುಳಿಯೊಂದು ಬೀಳುತ್ತದೆ. ಬಾಯಿ ತೆರೆಯುವುದು ಆ ಗುಳಿಯೊಳಗೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಖ ಮತ್ತೆ ಒಳಗೆ, ಹಿಂದೆಯೇ ಗುಳ್ಳೆಗಳ ಸಾಲು.

ಗುಟ್ಟಿರುವುದು ಆ ಗುಳ್ಳೆಗಳಲ್ಲಿ. ಬೆನ್ನಿಗೆ ಸೋರೆಬುರುಡೆ ಕಟ್ಟಿಸಿಕೊಂಡು ಬಾವಿಯಲ್ಲಿ ಈಜು ಕಲಿತ ನಾನು ಮುಖ ಮುಳುಗಿಸಿದರೆ ಸಾಕು, ಏದುಸಿರು ಬಿಡುತ್ತಿದ್ದೆ. ಗಾಳಿ ಸಾಲದೆ ಅಲ್ಲ, ಇದ್ದ ಗಾಳಿಯನ್ನು ಬಿಡದೆ ಹಿಡಿದಿಟ್ಟು! ನೀರೊಳಗೇ ಬಿಟ್ಟು ಮುಗಿಸಿದವನಿಗೆ ಮಾತ್ರ ಹೊರಗೆ ಎಳೆದುಕೊಳ್ಳಲು ಹೊತ್ತು ಸಿಗುತ್ತದೆ.

ಎಳೆದುಕೊಳ್ಳುವುದೂ ಸಲೀಸಲ್ಲ. ಕುತ್ತಿಗೆಮಟ್ಟ ನೀರಲ್ಲಿ ನಿಂತು ನೋಡಿ, ಎದೆಯನ್ನು ಯಾರೋ ಮೆಲ್ಲಗೆ ಅಮುಕಿದಂತಿರುತ್ತದೆ. ಒಂದೊಂದು ಉಸಿರಿಗೂ ಪಕ್ಕೆಲುಬುಗಳು ಆ ನೀರನ್ನು ತಳ್ಳಿಕೊಂಡೇ ಅರಳಬೇಕು. ಶ್ವಾಸಕೋಶ ತಾನಾಗಿ ಹಿಗ್ಗಲಾರದು. ಅದನ್ನು ಹಿಗ್ಗಿಸುವುದು ವಪೆ ಮತ್ತು ಪಕ್ಕೆಲುಬುಗಳ ನಡುವಿನ ಸ್ನಾಯುಗಳು. ವರ್ಷಗಟ್ಟಲೆ ದಿನಕ್ಕೆ ಐದಾರು ಕಿಲೋಮೀಟರ್ ಈಜಿದರೆ ಇವುಗಳಿಗೆ ಕಸುವು ಬರುತ್ತದೆ.

ಉಸಿರಿನ ಗಾಳಿ ಅಳೆಯುವ ಸ್ಪೈರೋಮೀಟರ್‌ನ ನಳಿಗೆಗೆ ಊದಿಸಿದರೆ ಅದು ಗೊತ್ತಾಗುತ್ತದೆ. ಎದೆ ತುಂಬ ಎಳೆದು ಪೂರ್ತಿ ಹೊರಬಿಟ್ಟ ಗಾಳಿ ಸಾಮಾನ್ಯ ಗಂಡಸಿಗೆ ಸುಮಾರು 4.5 ಲೀಟರ್, ಸ್ಪರ್ಧೆಗೆ ಈಜುವವರಲ್ಲಿ ಅದೇ ವಯಸ್ಸು, ಅದೇ ಎತ್ತರದ ಬೇರೆಯವರಿಗಿಂತ ಸಾಮಾನ್ಯವಾಗಿ ಹೆಚ್ಚು. ಸ್ವೀಡನ್ನಿನ ಓಸ್ಟ್ರಾಂಡ್ ಮತ್ತು ಸಂಗಡಿಗರು 30 ಎಳೆಯ ಈಜುಗಾರ್ತಿಯರನ್ನು ಪರೀಕ್ಷಿಸಿ 1963ರಲ್ಲಿ ಬರೆದದ್ದೂ ಇದನ್ನೇ: ಮೈಕಟ್ಟಿಗೆ ಮೀರಿದ ಶ್ವಾಸಕೋಶ. ಹುಟ್ಟಾ ಎದೆ ಅಗಲವಿದ್ದವರೇ ಈಜಿನಲ್ಲಿ ಉಳಿಯುತ್ತಾರೆ ಎಂಬ ವಾದವೂ ಇದೆ. ಎರಡೂ ಬೆರೆತಿರಬೇಕು ಅನ್ನುವುದು ನನ್ನ ಅಂದಾಜು. ಮೂಳೆ ಬಲಿಯುವ ಮೊದಲೇ ನೀರಿಗಿಳಿದವರಿಗೆ ಲಾಭ ಹೆಚ್ಚು.

ನನಗೆ ಬೆರಗು ಹುಟ್ಟಿಸುವುದು ಬ್ಯಾಕ್‌ಸ್ಟ್ರೋಕ್. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಶ್ರೀಹರಿ ನಟರಾಜ್ ಇಳಿದದ್ದು ಇದರ 100 ಮೀಟರ್ ಸ್ಪರ್ಧೆಗೆ. ಮುಖ ಮೇಲಿರುವುದರಿಂದ ಉಸಿರಿಗೆ ತಾಪತ್ರಯವಿಲ್ಲ ಅಂದುಕೊಳ್ಳುತ್ತೇವೆ. ಆದರೆ ಗೋಡೆಯನ್ನು ಒದ್ದ ಮೇಲೆ ಈಜುಗಾರರು ಅಂಗಾತ ಮಲಗಿಯೇ ನೀರಡಿಯಲ್ಲಿ ಮೀನಿನಂತೆ ಬಳುಕಿ ಸಾಗಬೇಕು. ನಿಯಮದ ಪ್ರಕಾರ 15 ಮೀಟರ್‌ವರೆಗೆ ಹಾಗೆ ಹೋಗಬಹುದು. ಮೂಗಿನ ಹೊಳ್ಳೆಗಳು ಮೇಲ್ಮುಖ. ನೀರು ನುಗ್ಗದಂತೆ ನೂಲೆಳೆಯಷ್ಟು ತೆಳ್ಳಗೆ ಊದುತ್ತಲೇ ಇರಬೇಕು. ಜಾಸ್ತಿ ಊದಿದರೆ ನಡುದಾರಿಯಲ್ಲೇ ಎದೆ ಬರಿದು, ಕಮ್ಮಿಯಾದರೆ ನೆತ್ತಿಗೇರುವ ನೀರು.