ದಾರ ಅಳೆಯುವ ದೂರ, ಗಾಳಿ ಅಳೆಯುವ ಹೊತ್ತು

ಪೆಸಿಫಿಕ್ ಸಾಗರ ನಡುವೆ ಬರುವಂಥ ಗೋಡೆ ಭೂಪಟದಲ್ಲಿ ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಅಡಿಪಟ್ಟಿಯಿಟ್ಟು ಗೆರೆ ಎಳೆದರೆ, ಅದು ಬಂಗಾಳ ಕೊಲ್ಲಿ, ವಿಯೆಟ್ನಾಂ, ಪೆಸಿಫಿಕ್ ದಾಟಿ ಹೋಗುತ್ತದೆ. ಈ ದಾರಿ ಹಿಡಿದ ವಿಮಾನ ಸುಮಾರು 16,100 ಕಿ.ಮೀ. ಹಾರಬೇಕು. ಅದೇ ಎರಡು ಊರುಗಳ ನಡುವೆ ಗ್ಲೋಬಿನ ಮೇಲೆ ದಾರ ಬಿಗಿಹಿಡಿದು ನೋಡಿ. ದಾರ ನೇಪಾಳದ ಮೇಲೆ ಹಾದು, ಸೈಬೀರಿಯಾಕ್ಕೆ ಏರಿ, ಆರ್ಕ್ಟಿಕ್ ಅಂಚನ್ನು ಸವರಿ, ಅಲಾಸ್ಕದ ಮೇಲಿಂದ ಇಳಿಯುತ್ತದೆ. ದೂರ 14,000 ಕಿ.ಮೀ. ಮಾತ್ರ!

ಇದನ್ನು ಲೆಕ್ಕ ಹಾಕಲು ಎರಡೂ ನಿಲ್ದಾಣಗಳ ಅಕ್ಷಾಂಶ, ರೇಖಾಂಶ ಸಾಕು. ಅವುಗಳಿಂದ ತ್ರಿಕೋನಮಿತಿಯ ಸೂತ್ರವೊಂದು ಭೂಕೇಂದ್ರದಲ್ಲಿ ಉಂಟಾಗುವ ಕೋನವನ್ನು ಕೊಡುತ್ತದೆ. ಇಲ್ಲಿ ಅದು ಸುಮಾರು 126 ಡಿಗ್ರಿ. ಭೂಮಿಯ ಪೂರ್ತಿ ಸುತ್ತು, ಅಂದರೆ 360 ಡಿಗ್ರಿ, ಹತ್ತಿರಹತ್ತಿರ 40,000 ಕಿ.ಮೀ.; ಉಳಿದದ್ದು ಶಾಲೆಯ ಭಾಗಾಕಾರ.

ದೂರ ಇಷ್ಟು ಸಲೀಸಾಗಿ ಸಿಗುತ್ತದೆ. ಹೊತ್ತಿನ ಲೆಕ್ಕ ಹಾಗಲ್ಲ.

ಭೂಮಧ್ಯರೇಖೆಗೂ ಧ್ರುವಕ್ಕೂ ನಡುವೆ, ವಿಮಾನಗಳು ಹಾರುವ ಎತ್ತರದಲ್ಲೇ, ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಎಂಬ ರಭಸದ ಗಾಳಿ ಹರಿಯುತ್ತದೆ. 2020ರ ಫೆಬ್ರುವರಿಯಲ್ಲಿ ಬ್ರಿಟಿಷ್ ಏರ್‌ವೇಸ್‌ನ ಬೋಯಿಂಗ್ 747 ನ್ಯೂಯಾರ್ಕಿನಿಂದ ಲಂಡನ್ನಿಗೆ 4 ಗಂಟೆ 56 ನಿಮಿಷದಲ್ಲಿ ತಲುಪಿತು. ನೆಲದ ಲೆಕ್ಕದಲ್ಲಿ ಅದರ ವೇಗ ಗಂಟೆಗೆ 1,290 ಕಿ.ಮೀ. ಮೀರಿತ್ತು. ಆದರೂ ಅದು ಶಬ್ದದ ವೇಗವನ್ನು ದಾಟಿರಲಿಲ್ಲ. ಸುತ್ತಲಿನ ಗಾಳಿಗೆ ಹೋಲಿಸಿದರೆ ಅದು ಎಂದಿನ ವೇಗದಲ್ಲೇ ಇತ್ತು, ಆ ಗಾಳಿಯೇ ಅದನ್ನು ಹೊತ್ತು ಓಡುತ್ತಿತ್ತು. 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್‌ವಾಲ್ ನೇತೃತ್ವದ ಮಹಿಳಾ ಪೈಲಟ್‌ಗಳು ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಉತ್ತರ ಧ್ರುವದ ದಾರಿಯಲ್ಲಿ ಏರ್ ಇಂಡಿಯಾ ವಿಮಾನವನ್ನು ತಂದಿಳಿಸಿದ್ದು ಸಾಹಸವೂ ಹೌದು, ಜಾಣ ಲೆಕ್ಕವೂ ಹೌದು: ಪೆಸಿಫಿಕ್ ಮೇಲೆ ಬಂದಿದ್ದರೆ ಅದೇ ಗಾಳಿ ಎದುರಾಗುತ್ತಿತ್ತು.

ಕೆಲವೊಮ್ಮೆ ಆಕಾಶಕ್ಕೂ ಬೇಲಿ ಬೀಳುತ್ತದೆ. 2022ರಲ್ಲಿ ರಷ್ಯಾ ಯುರೋಪಿನ ಅನೇಕ ವಿಮಾನ ಸಂಸ್ಥೆಗಳಿಗೆ ತನ್ನ ವಾಯುಪ್ರದೇಶ ಮುಚ್ಚಿದಾಗ ಫಿನ್‌ಲ್ಯಾಂಡಿನ ವಿಮಾನ ಸಂಸ್ಥೆ ಫಿನ್ನೇರ್‌ನ ಹೆಲ್ಸಿಂಕಿ–ಟೋಕಿಯೊ ಹಾರಾಟ ಒಂಬತ್ತೂವರೆ ಗಂಟೆಯಿಂದ ಸುಮಾರು ಹದಿಮೂರಕ್ಕೆ ಏರಿತು.

ಇನ್ನು ಬೆಂಗಳೂರು–ಮಂಗಳೂರು. ನೇರ ದೂರ ಸುಮಾರು 305 ಕಿ.ಮೀ. ಮಾತ್ರ; ಜೆಟ್ ವೇಗದಲ್ಲಿ ಇಪ್ಪತ್ತೆರಡು ನಿಮಿಷದ ಮಾತು. ವೇಳಾಪಟ್ಟಿಯಲ್ಲಿ ಮಾತ್ರ ಗಂಟೆಯ ಆಸುಪಾಸು. ವೇಳಾಪಟ್ಟಿ ಎಣಿಸುವುದು ವಿಮಾನ ನಿಂತಲ್ಲಿಂದ ಕದಲಿ, ಇನ್ನೊಂದೆಡೆ ನಿಲ್ಲುವವರೆಗಿನ ಹೊತ್ತನ್ನು. ರನ್‌ವೇವರೆಗೆ ಉರುಳುವುದು, ಸರದಿ ಕಾಯುವುದು, ಏರುವುದು, ಮಂಗಳೂರು ನಿಲ್ದಾಣವಿರುವ ಬಜ್ಪೆಯ ಗುಡ್ಡದ ನೆತ್ತಿಗೆ ಇಳಿಯುವುದು ಎಲ್ಲವೂ ಅದರಲ್ಲಿ ಸೇರಿದೆ. ಪೂರ್ತಿ ವೇಗ ಹಿಡಿಯುವಷ್ಟರಲ್ಲಿ ಇಳಿಯುವ ಸಮಯ ಬಂದಿರುತ್ತದೆ.

ಹಾಗಾಗಿ ಮನೆಯಲ್ಲಿ ಅಂದಾಜು ಮಾಡುವವರು ದೂರವನ್ನು ಜೆಟ್ ವೇಗವಾದ ಗಂಟೆಗೆ 850 ಕಿ.ಮೀ.ಯಿಂದ ಭಾಗಿಸಿ, ಅರ್ಧ ಗಂಟೆ ಕೂಡಿಸುವುದು ಒಳ್ಳೆಯದು. ಬೆಂಗಳೂರು–ಲಂಡನ್ ಸುಮಾರು 8,045 ಕಿ.ಮೀ.; ಉತ್ತರ ಹತ್ತು ಗಂಟೆ. ಗಾಳಿಗೆದುರಾಗಿ ಪಶ್ಚಿಮಕ್ಕೆ ಹೋಗುವಾಗ ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚು ಹಿಡಿಯುತ್ತದೆ, ಮರಳುವಾಗ ಹೋದದ್ದಕ್ಕಿಂತ ಬೇಗ ಬರಬಹುದು. ಈ ಅಂದಾಜನ್ನು ಟಿಕೆಟ್ಟಿಗೆ ಹೋಲಿಸುವಾಗ ನೆನಪಿರಲಿ: ಅದರಲ್ಲಿ ಇರುವುದು ಆಯಾ ಊರಿನ ಗಡಿಯಾರದ ಸಮಯ. ಚಳಿಗಾಲದಲ್ಲಿ ಲಂಡನ್ ನಮಗಿಂತ ಐದೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ನಾಲ್ಕೂವರೆ.