ಹಿಂಬದಿ ನೋಡಿ ಕೊಳ್ಳಬೇಕಾದ ಪೆಟ್ಟಿಗೆ

ಮದುವೆ ಮನೆಗೆ ಸಂಗೀತ ಹೊತ್ತು ತರುವ ಕಸುಬು ನಮ್ಮಲ್ಲಿ ಹೊಸದಲ್ಲ. ಕಂಬಕ್ಕೋ ತೆಂಗಿನ ಮರಕ್ಕೋ ಹಾರ್ನ್ ಕಟ್ಟಿ, ಗ್ರಾಮಫೋನ್ ತಟ್ಟೆ ಹಾಕಿ ಸುತ್ತಲಿನ ಹಳ್ಳಿಗಳಿಗೆಲ್ಲ ಮದುವೆಯ ಸುದ್ದಿ ಮುಟ್ಟಿಸುತ್ತಿದ್ದ ಮೈಕ್ ಸೆಟ್‌ನವರು ಹಿಂದಿನಿಂದಲೂ ಇದ್ದರು. ಆಮೇಲೆ ಕ್ಯಾಸೆಟ್ ಬಂತು, ಆರ್ಕೆಸ್ಟ್ರಾ ಬಂತು. ಈಗ ಆರತಕ್ಷತೆ, ಅರಿಶಿನ ಶಾಸ್ತ್ರ, ಕಾಲೇಜು ಸಮಾರಂಭ, ಕಂಪನಿಯ ವಾರ್ಷಿಕೋತ್ಸವ ಎಲ್ಲದರಲ್ಲೂ ಆ ಜಾಗದಲ್ಲಿ ಡಿಜೆ ನಿಂತಿದ್ದಾರೆ. ಲ್ಯಾಪ್‌ಟಾಪ್, ಅದರ ಮುಂದೆ ಎರಡು ಚಕ್ರಗಳಿರುವ ಒಂದು ಪೆಟ್ಟಿಗೆ, ಕಿವಿಗೆ ಹೆಡ್‌ಫೋನ್. ಆ ಪೆಟ್ಟಿಗೆಯ ಹೆಸರು ಕಂಟ್ರೋಲರ್.

ಕ್ಲಬ್ಬಿನ ಡಿಜೆಗೂ ಮದುವೆಯ ಡಿಜೆಗೂ ಇರುವ ವ್ಯತ್ಯಾಸ ದೊಡ್ಡದು. ಕ್ಲಬ್ಬಿಗೆ ಹೋಗುವವರು ಪೆನ್‌ಡ್ರೈವ್ ಮತ್ತು ಹೆಡ್‌ಫೋನ್ ಒಯ್ದರೆ ಸಾಕು. ಯಂತ್ರಗಳು ಅಲ್ಲಿನವು, ವೈರಿಂಗ್ ಅಲ್ಲಿನದು, ಅದನ್ನು ನೋಡಿಕೊಳ್ಳುವವರೂ ಅಲ್ಲಿನವರೇ. ಊರೂರು ತಿರುಗುವ ಡಿಜೆಗೆ ದಿನಕ್ಕೊಂದು ಛತ್ರ, ದಿನಕ್ಕೊಂದು ಪ್ಲಗ್ ಪಾಯಿಂಟ್, ಪ್ರತಿಸಲವೂ ಬೇರೆ ಸೌಂಡ್‌ನವರು. ಈ ತಿರುಗಾಟ ಹಳೆಯದು. ಇಂಗ್ಲೆಂಡಿನಲ್ಲಿ 1940ರ ದಶಕದ ಕೊನೆಯ ಹೊತ್ತಿಗೆ ಬೋಸ್ಟನ್ ಪಟ್ಟಣದ ರಾನ್ ಡಿಗಿನ್ಸ್ ಎಂಬ ರೇಡಿಯೊ ಎಂಜಿನಿಯರ್ ಎರಡು ತಟ್ಟೆಯಂತ್ರಗಳನ್ನೂ ಮಿಕ್ಸರನ್ನೂ ಒಂದೇ ಮರದ ಮೇಜಿಗೆ ಕೂರಿಸಿ, ಅದಕ್ಕೆ ಡಿಗೋಲಾ ಎಂದು ಹೆಸರಿಟ್ಟು ಊರೂರಿಗೆ ಒಯ್ದ. ಒಂದು ಹಾಡು ಮುಗಿಯುವಾಗ ಇನ್ನೊಂದು ಸಿದ್ಧವಿರಬೇಕು, ನಡುವೆ ಸದ್ದು ನಿಲ್ಲಬಾರದು. ಆತ ಬಿಡಿಸಲು ಹೊರಟ ಸಮಸ್ಯೆ ಇವತ್ತಿನ ಸಂಚಾರಿ ಡಿಜೆಯದೂ ಹೌದು.

ಹೊಸಬರ ಕೈಗೆ ಮೊದಲು ಬರುವುದು ಚಿಕ್ಕ ಕಂಟ್ರೋಲರ್. ಪಯೋನಿಯರ್ ಡಿಜೆ 2018ರಲ್ಲಿ ತಂದ ಡಿಡಿಜೆ-400, ಅದರ ಬಳಿಕ ಬಂದ ಡಿಡಿಜೆ-ಎಫ್‌ಎಲ್‌ಎಕ್ಸ್4 ಈ ಸಾಲಿನಲ್ಲಿ ಬಹಳ ಹೆಸರು ಮಾಡಿದವು. ಎರಡು ಕೆಜಿಗಿಂತ ಸ್ವಲ್ಪ ಹೆಚ್ಚು ತೂಕ, ಬೆನ್ನಿನ ಚೀಲದಲ್ಲಿ ಹಿಡಿಸುತ್ತದೆ. ಇದರೊಳಗೆ ಹಾಡುಗಳಿಲ್ಲ. ಹಾಡು ಇರುವುದು ಲ್ಯಾಪ್‌ಟಾಪ್‌ನಲ್ಲಿ, ಬೆರೆಸುವುದು ರೆಕಾರ್ಡ್‌ಬಾಕ್ಸ್ ಅಥವಾ ಸೆರಾಟೊದಂಥ ಸಾಫ್ಟ್‌ವೇರ್. ಪೆಟ್ಟಿಗೆ ನಮ್ಮ ಕೈಯ ಚಲನೆಯನ್ನು ಲ್ಯಾಪ್‌ಟಾಪ್‌ಗೆ ತಿಳಿಸುತ್ತದೆ. ಒಳಗಿರುವ ಸೌಂಡ್ ಕಾರ್ಡ್ ಮೂಲಕ ಹಾಡನ್ನು ಸ್ಪೀಕರ್‌ಗೂ, ಮುಂದಿನ ಹಾಡನ್ನು ಹೆಡ್‌ಫೋನಿಗೂ ಕಳಿಸುತ್ತದೆ. ತಾಳ ಹೊಂದಿಸುವುದು, ಬಾಸ್ ಇಳಿಸಿ ಮತ್ತೊಂದರ ಬಾಸ್ ಏರಿಸುವುದು, ಸರಿಯಾದ ಮಾತ್ರೆಗೆ ಹಾಡು ಬಿಡುವುದು, ಈ ಎಲ್ಲ ಮೂಲಪಾಠಕ್ಕೂ ಇಷ್ಟು ಸಾಕು. ಚೆನ್ನಾಗಿ ಕಲಿತವರು ಇದರಲ್ಲೇ ಇಡೀ ಸಭಾಂಗಣವನ್ನು ಕುಣಿಸಬಲ್ಲರು.

ಹಾಗಾದರೆ ಬದಲಾಯಿಸಬೇಕು ಏಕೆ, ಯಾವಾಗ? ಅಂಗಡಿಯಲ್ಲಿ ನಿಂತಾಗ ಕಣ್ಣು ಹೋಗುವುದು ಮೇಲ್ಮೈಗೆ. ದೊಡ್ಡ ಚಕ್ರ, ಬಣ್ಣದ ಪ್ಯಾಡು, ಒಮ್ಮೆಗೆ ನಾಲ್ಕು ಹಾಡು ಬೆರೆಸಬಲ್ಲ ನಾಲ್ಕು ಚಾನೆಲ್. ಮದುವೆ, ಸಮಾರಂಭಗಳಿಗೆ ದುಡಿಯುವವರು ಪೆಟ್ಟಿಗೆಯನ್ನು ತಿರುಗಿಸಿ ಮೊದಲು ಅದರ ಹಿಂಬದಿ ನೋಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. 2021ರಲ್ಲಿ ಬಂದ ಡಿಡಿಜೆ-ಎಫ್‌ಎಲ್‌ಎಕ್ಸ್6 ಒಂದು ಉದಾಹರಣೆ. ಅದಕ್ಕೆ ನಾಲ್ಕು ಚಾನೆಲ್, ಅಗಲವಾದ ಚಕ್ರಗಳು, ಬೆಲೆಯೂ ಹೆಚ್ಚು. ಆದರೆ ಸ್ಪೀಕರಿಗೆ ಹೋಗುವ ದಾರಿ ಚಿಕ್ಕ ಪೆಟ್ಟಿಗೆಯಲ್ಲಿದ್ದ ಅದೇ ಒಂದು ಜೊತೆ ಆರ್‌ಸಿಎ ಪಿನ್. ಮನೆಯಲ್ಲಿ ಅಭ್ಯಾಸ ಮಾಡುವವರಿಗೆ ಇದು ಕೊರತೆಯೇ ಅಲ್ಲ. ಛತ್ರದಲ್ಲಿ ಕೊರತೆ.

ಕಾರಣ ಹೀಗಿದೆ. ಟಿವಿ, ಹಳೆಯ ಡಿವಿಡಿ ಪ್ಲೇಯರುಗಳಲ್ಲಿ ಕಾಣುವ ಕೆಂಪು-ಬಿಳಿ ಪಿನ್ನೇ ಆರ್‌ಸಿಎ. ಅದರಲ್ಲಿ ಸಂಕೇತ ಒಯ್ಯುವ ತಂತಿ ಒಂದೇ, ಸುತ್ತ ಅರ್ಥ್ ಹೆಣಿಗೆ. ಕೆಲವೇ ಮೀಟರಿನ ತನಕ ತೊಂದರೆಯಿಲ್ಲ. ವೇದಿಕೆಯ ಮೂಲೆಯಿಂದ ಆಂಪ್ಲಿಫೈಯರ್ ರ‍್ಯಾಕಿನವರೆಗೆ ಇಪ್ಪತ್ತು ಮೂವತ್ತು ಮೀಟರ್ ಎಳೆದರೆ, ದಾರಿಯಲ್ಲಿ ಸೀರಿಯಲ್ ಲೈಟಿನ ವೈರು, ಜನರೇಟರ್ ಕೇಬಲ್ಲು, ಲೈಟ್ ಡಿಮ್ಮರು ಎಲ್ಲವುಗಳ ಗೊಣಗಾಟವನ್ನೂ ಅದು ಹೊತ್ತು ತರುತ್ತದೆ. ಸ್ಪೀಕರಿನಲ್ಲಿ ಗುಂಯ್ ಎನ್ನುವ ಸದ್ದು ಶುರುವಾಗುತ್ತದೆ. ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಕೇಬಲ್ಲಿನಲ್ಲಿ ಒಂದೇ ಸಂಕೇತ ಎರಡು ತಂತಿಗಳಲ್ಲಿ, ಒಂದಕ್ಕೊಂದು ತಿರುವುಮುರುವಾಗಿ ಹೋಗುತ್ತದೆ. ದಾರಿಯಲ್ಲಿ ಸೇರಿಕೊಂಡ ಗದ್ದಲ ಮಾತ್ರ ಎರಡರಲ್ಲೂ ಒಂದೇ ದಿಕ್ಕಿನಲ್ಲಿರುತ್ತದೆ. ಆಚೆ ತುದಿಯಲ್ಲಿ ಒಂದರಿಂದ ಇನ್ನೊಂದನ್ನು ಕಳೆದಾಗ ಗದ್ದಲ ಅಳಿದು ಹಾಡು ಉಳಿಯುತ್ತದೆ. ಸೌಂಡ್‌ನವರು ಕೇಬಲ್ ಹಿಡಿದು ಬಂದು ಎಕ್ಸ್‌ಎಲ್‌ಆರ್ ಕೇಳುವುದು ಇದಕ್ಕಾಗಿ. 2018ರ ಡಿಡಿಜೆ-1000, ಆಮೇಲೆ 2023ರಲ್ಲಿ ಅದರ ಜಾಗಕ್ಕೆ ಬಂದ ಎಫ್‌ಎಲ್‌ಎಕ್ಸ್10, ಇವುಗಳ ಹಿಂಬದಿಯಲ್ಲಿ ಎಕ್ಸ್‌ಎಲ್‌ಆರ್ ಇದೆ.

ಹಿಂಬದಿಯಲ್ಲಿ ನೋಡಬೇಕಾದ ಎರಡನೆಯದು ಮೈಕು. ನಮ್ಮ ಸಮಾರಂಭಗಳಲ್ಲಿ ಹಾಡಿನಷ್ಟೇ ಮಾತೂ ಮುಖ್ಯ. ನಿರೂಪಕರ ಕೈಗೊಂದು ಮೈಕ್ ಬೇಕು, ಹಾಡಲೇಬೇಕೆಂದು ವೇದಿಕೆ ಹತ್ತುವ ಸೋದರಮಾವನಿಗೆ ಇನ್ನೊಂದು. ಚಿಕ್ಕ ಕಂಟ್ರೋಲರಿನಲ್ಲಿ ಇರುವುದು ಒಂದೇ ಮೈಕಿನ ಜಾಗ, ಅದೂ ಎಕ್ಸ್‌ಎಲ್‌ಆರ್ ಅಲ್ಲ, ದಪ್ಪನೆಯ ಪಿ-38 ಪಿನ್ನಿನದು. ದನಿಯ ಬಾಸ್ ಟ್ರೆಬಲ್ ತಿದ್ದುವ ತಿರುಗಣೆಯೂ ಇಲ್ಲ. ಹಾಡು ಒಂದು ಕ್ಷಣ ತಡವಾದರೆ ಜನ ಕ್ಷಮಿಸುತ್ತಾರೆ. ಹೆಣ್ಣಿನ ತಂದೆ ಧನ್ಯವಾದ ಹೇಳುವಾಗ ಮೈಕ್ ಕೀಂಯ್ ಎಂದರೆ ಮುಂದಿನ ಮದುವೆಗೆ ನಿಮ್ಮನ್ನು ಕರೆಯುವುದಿಲ್ಲ.

ಮೂರನೆಯದು ಬೂತ್ ಔಟ್‌ಪುಟ್, ಅಂದರೆ ಡಿಜೆ ತನಗಾಗಿ ಇಟ್ಟುಕೊಳ್ಳುವ ಸ್ಪೀಕರಿನ ಪ್ರತ್ಯೇಕ ದಾರಿ ಮತ್ತು ಪ್ರತ್ಯೇಕ ವಾಲ್ಯೂಮ್. ಅನೇಕರು ಇದನ್ನು ಐಷಾರಾಮ ಎಂದುಕೊಳ್ಳುತ್ತಾರೆ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಸ್ಪೀಕರ್ 20 ಮೀಟರ್ ಆಚೆ ಇದ್ದರೆ ಅದರ ಸದ್ದು ನಿಮ್ಮ ಕಿವಿ ತಲುಪಲು ಸುಮಾರು 58 ಮಿಲಿಸೆಕೆಂಡ್ ಬೇಕು. ನಿಮಿಷಕ್ಕೆ 120 ಬಡಿತದ ಹಾಡಿನಲ್ಲಿ ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವೆ ಇರುವುದೇ 500 ಮಿಲಿಸೆಕೆಂಡ್. ಹೆಡ್‌ಫೋನಿನಲ್ಲಿ ಕೇಳುವ ಮುಂದಿನ ಹಾಡಿಗೆ ಈ ತಡವಾಗಿ ಬಂದ ಸದ್ದನ್ನು ಹೊಂದಿಸಿದರೆ ತಾಳ ತಪ್ಪುವುದು ಖಂಡಿತ. ಪಕ್ಕದಲ್ಲೊಂದು ಚಿಕ್ಕ ಸ್ಪೀಕರ್ ಇದ್ದರೆ ಈ ಗೊಂದಲವೇ ಇಲ್ಲ.

ವಿದ್ಯುತ್ತಿನ ವಿಷಯದಲ್ಲಿ ಮಾತ್ರ ಚಿಕ್ಕದೇ ಗೆಲ್ಲುತ್ತದೆ. ಅದು ಯುಎಸ್‌ಬಿ ಮೂಲಕ ಲ್ಯಾಪ್‌ಟಾಪಿನಿಂದಲೇ ಶಕ್ತಿ ಪಡೆಯುತ್ತದೆ. ಕರೆಂಟ್ ಹೋಗಿ ಜನರೇಟರ್ ಹತ್ತಿಕೊಳ್ಳುವ ಆ ಅರ್ಧ ನಿಮಿಷ ಸ್ಪೀಕರ್ ಸುಮ್ಮನಾದರೂ ಕಂಟ್ರೋಲರ್ ಎಚ್ಚರವಿರುತ್ತದೆ, ಕರೆಂಟ್ ಬಂದ ತಕ್ಷಣ ಹಾಡೂ ಬರುತ್ತದೆ. ಡಿಡಿಜೆ-1000, ಎಫ್‌ಎಲ್‌ಎಕ್ಸ್10ರಂಥ ದೊಡ್ಡ ಪೆಟ್ಟಿಗೆಗಳಿಗೆ ಗೋಡೆಯ ಕರೆಂಟ್ ಬೇಕು. ಕರೆಂಟ್ ಕೈಕೊಟ್ಟರೆ ಅವೂ ಆರಿ, ಮತ್ತೆ ಮೊದಲಿಂದ ಏಳಬೇಕು. ಆದ್ದರಿಂದ ದೊಡ್ಡದಕ್ಕೆ ಹೋಗುವವರು ಒಂದು ಯುಪಿಎಸ್ ಬೆಲೆಯನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಲಿ.

ಇನ್ನು ಮೇಲ್ಮೈ. ಇಲ್ಲಿ ನಾನು ಹಣ ಹಾಕಲು ಒಪ್ಪುವುದು ಒಳ್ಳೆಯ ಚಕ್ರಕ್ಕೆ ಮತ್ತು ಹಾಡಿನ ವೇಗ ತಿದ್ದುವ ಉದ್ದನೆಯ ಟೆಂಪೊ ಸ್ಲೈಡರಿಗೆ, ಅದಕ್ಕೆ ನಮ್ಮ ಹಾಡುಗಳೇ ಕಾರಣ. ಸಿಂಕ್ ಗುಂಡಿ ಒತ್ತಿದರೆ ತಾಳ ತಾನೇ ಕೂಡುತ್ತದೆ ಎಂಬುದು ಕಂಪ್ಯೂಟರ್ ತಾಳಕ್ಕೆ ಕಟ್ಟಿದ ಇತ್ತೀಚಿನ ಹಾಡುಗಳ ಮಟ್ಟಿಗೆ ನಿಜ. ಜಿ.ಕೆ. ವೆಂಕಟೇಶ್, ರಾಜನ್–ನಾಗೇಂದ್ರ ಅವರ ಕಾಲದ ಹಾಡುಗಳಲ್ಲಿ ವಾದ್ಯದವರೆಲ್ಲ ಸ್ಟುಡಿಯೊದಲ್ಲಿ ಒಟ್ಟಿಗೆ ಕೂತು ನುಡಿಸುತ್ತಿದ್ದರು. ಪಲ್ಲವಿಯಿಂದ ಚರಣಕ್ಕೆ ಬರುವಾಗ ಲಯ ಕೂದಲೆಳೆಯಷ್ಟು ಓಡುತ್ತದೆ, ಮತ್ತೆ ನಿಲ್ಲುತ್ತದೆ. ಆ ಉಸಿರಾಟವೇ ಅವುಗಳ ಸೊಗಸು. ಸಾಫ್ಟ್‌ವೇರ್ ಎಳೆದ ನೇರ ಗೆರೆಗೆ ಅವು ಸಿಗುವುದಿಲ್ಲ. ತಮಟೆಯ ಕುಣಿತದ ಹಾಡುಗಳದು ಇನ್ನೊಂದು ಕತೆ. ಹಲವು ತಿಶ್ರ ನಡೆಯವು, ಮೂರು ಮೂರಾಗಿ ಎಣಿಸಬೇಕು. ಸಾಫ್ಟ್‌ವೇರ್ ನಾಲ್ಕು ನಾಲ್ಕಾಗಿ ಎಣಿಸುತ್ತದೆ. ಅಂಥ ಹಾಡಿನಿಂದ ಚತುರಶ್ರದ ಹಾಡಿಗೆ ದಾಟುವುದಕ್ಕೆ ಕಿವಿ ಬೇಕು, ಬೆರಳ ತುದಿಯಲ್ಲಿ ಚಕ್ರವನ್ನು ತುಸುವೇ ನೂಕುವ ಅಳತೆ ಬೇಕು. ‘ಅಣ್ಣಾ, ಅಣ್ಣಾವ್ರ ಹಾಡು ಹಾಕಿ’ ಎಂದು ಯಾರಾದರೂ ಮೇಜಿನ ಬಳಿ ಬಂದು ನಿಂತಾಗಲೇ ಕೈಯ ಪಳಗು ಗೊತ್ತಾಗುವುದು.

ನಾಲ್ಕು ಚಾನೆಲ್ ಹೆಚ್ಚಿನ ಮದುವೆಗಳಲ್ಲಿ ಸುಮ್ಮನೆ ಕೂತಿರುತ್ತದೆ. ಹಾಡಿನಿಂದ ದನಿಯನ್ನೂ ವಾದ್ಯವನ್ನೂ ಬೇರ್ಪಡಿಸುವ ಸ್ಟೆಮ್ಸ್ ಸೌಲಭ್ಯ ಉಪಯೋಗಕ್ಕೆ ಬರುತ್ತದೆ, ಆದರೆ ಅದರ ಭಾರ ಬೀಳುವುದು ಲ್ಯಾಪ್‌ಟಾಪಿನ ಮೇಲೆ. ಹಳೆಯ ಲ್ಯಾಪ್‌ಟಾಪ್ ಇಟ್ಟುಕೊಂಡು ಹೊಸ ಕಂಟ್ರೋಲರ್ ಕೊಂಡರೆ ಫಲ ಕಡಿಮೆ.

ಲ್ಯಾಪ್‌ಟಾಪನ್ನೇ ಕೈಬಿಡುವ ದಾರಿಯೂ ಇದೆ. 2019ರಲ್ಲಿ ಬಂದ ಡೆನಾನ್ ಡಿಜೆ ಪ್ರೈಮ್ 4, ಪಯೋನಿಯರ್ ಡಿಜೆಯ 2021ರ ಎಕ್ಸ್‌ಡಿಜೆ-ಆರ್‌ಎಕ್ಸ್3 ಇವು ತಮ್ಮದೇ ತೆರೆ ಇರುವ, ಪೆನ್‌ಡ್ರೈವಿನಿಂದ ನೇರ ಹಾಡುವ ಯಂತ್ರಗಳು. ನಡುರಾತ್ರಿ ಅಪ್‌ಡೇಟ್ ಕೇಳುವ ಕಂಪ್ಯೂಟರಿನ ಹಂಗು ತಪ್ಪುತ್ತದೆ. 2020ರ ಪ್ರೈಮ್ ಗೋ ಬ್ಯಾಟರಿಯಲ್ಲಿ ನಡೆಯುತ್ತದೆ, ತೋಟದ ಮದುವೆಗೂ ಸೈ. ವಾರಕ್ಕೆ ಎರಡು ಮೂರು ಕಾರ್ಯಕ್ರಮ ಇರುವವರಿಗೆ ಇವು ಹಾಕಿದ ಹಣ ತಂದುಕೊಡಬಲ್ಲವು. ತಿಂಗಳಿಗೊಂದು ಸಿಕ್ಕರೆ ಹೆಚ್ಚು ಎನ್ನುವವರು ಸಾಲ ಮಾಡಿ ಇದಕ್ಕೆ ಕೈಹಾಕಬಾರದು.

ಅಂಥವರಿಗೆ ಅಗ್ಗದ ಉಪಾಯವೊಂದಿದೆ. ಎಕ್ಸ್‌ಎಲ್‌ಆರ್ ಔಟ್‌ಪುಟ್ ಇರುವ, ಎರಡು ಮೂರು ಮೈಕ್ ಹಿಡಿಸುವ ಒಂದು ಚಿಕ್ಕ ಅನಲಾಗ್ ಮಿಕ್ಸರ್ ಕೊಳ್ಳುವುದು. ಕಂಟ್ರೋಲರಿನ ಆರ್‌ಸಿಎಯನ್ನು ಒಂದೆರಡು ಮೀಟರಿನ ಕೇಬಲ್ಲಿನಲ್ಲಿ ಅದಕ್ಕೆ ಕೊಟ್ಟು, ಮೈಕುಗಳನ್ನೂ ಅದಕ್ಕೇ ಸಿಕ್ಕಿಸಿ, ಅಲ್ಲಿಂದ ಸೌಂಡ್‌ನವರಿಗೆ ಎಕ್ಸ್‌ಎಲ್‌ಆರ್ ಕೊಟ್ಟರೆ ಮೇಲೆ ಹೇಳಿದ ಮೊದಲ ಎರಡು ತೊಂದರೆ ಅಲ್ಲಿಗೆ ಮುಗಿಯಿತು. ಉಳಿದ ಹಣವನ್ನು ಹಾಡಿನ ಸಂಗ್ರಹಕ್ಕೆ ಹಾಕಿ. ಯೂಟ್ಯೂಬಿನಿಂದ ಇಳಿಸಿಕೊಂಡ ಹಾಡು ಮೊಬೈಲಿನಲ್ಲಿ ಚೆನ್ನಾಗಿ ಕೇಳುತ್ತದೆ, ಹದಿನೆಂಟು ಇಂಚಿನ ಬಾಸ್ ಸ್ಪೀಕರಿನಲ್ಲಿ ಅದರ ಬಡತನ ಬಯಲಾಗುತ್ತದೆ. ಹಣ ಕೊಟ್ಟು ಕೊಂಡ 320 ಕೆಬಿಪಿಎಸ್ ಎಂಪಿ3 ಇಲ್ಲವೇ ಅದಕ್ಕಿಂತ ಮೇಲ್ಮಟ್ಟದ ಫೈಲ್ ಇರಲಿ. ನೆಟ್‌ವರ್ಕ್ ಸಿಗದ ಛತ್ರಗಳು ಬೇಕಾದಷ್ಟಿವೆ, ಸ್ಟ್ರೀಮಿಂಗನ್ನೇ ನಂಬಿ ಹೋಗಬೇಡಿ. ಬ್ರ್ಯಾಂಡ್ ಬದಲಿಸುವ ಮುನ್ನ ಸಾಫ್ಟ್‌ವೇರೂ ಬದಲಾಗುತ್ತದೆಯೇ ನೋಡಿ. ವರ್ಷಗಟ್ಟಲೆ ಗುರುತು ಹಾಕಿಟ್ಟ ಕ್ಯೂ ಪಾಯಿಂಟುಗಳು ಒಂದರಿಂದ ಇನ್ನೊಂದಕ್ಕೆ ತಾವಾಗಿ ಬರುವುದಿಲ್ಲ.

ಕಾನೂನಿನ ಎರಡು ಮಾತು. ಶಬ್ದ ಮಾಲಿನ್ಯ ನಿಯಮಗಳು, 2000ರ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬೆಲ್, ರಾತ್ರಿಯದು 45. ಗಣೇಶ ವಿಸರ್ಜನೆಯ ಮೆರವಣಿಗೆಗೆ ಡಿಜೆ ಬೇಡವೆಂದು ರಾಜ್ಯದ ಹಲವು ಜಿಲ್ಲೆಗಳಲ್ಲಿ ಆದೇಶ ಹೊರಟಿದೆ. ಅದು ಸರಿಯೆಂದೇ ನನಗೆ ಅನಿಸುತ್ತದೆ. ಮನೆಯ ಕಿಟಕಿ ನಡುಗಿಸುವ ಬಾಸ್ ಸ್ಪೀಕರುಗಳ ಗೋಡೆಗೂ ಈ ಕಸುಬಿಗೂ ಸಂಬಂಧವಿಲ್ಲ, ಕೆಟ್ಟ ಹೆಸರು ಮಾತ್ರ ಮದುವೆಯ ಡಿಜೆಗಳಿಗೆ ಬರುತ್ತದೆ. ಇನ್ನು ಹಾಡಿನ ಹಕ್ಕು: ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಮದುವೆ ಮೆರವಣಿಗೆಗೂ ಮದುವೆಗೆ ಸಂಬಂಧಿಸಿದ ಇತರ ಸಾಮಾಜಿಕ ಸಮಾರಂಭಗಳಿಗೂ ವಿನಾಯಿತಿ ಕೊಟ್ಟಿದೆ. 2023ರ ಜುಲೈನಲ್ಲಿ ಕೇಂದ್ರ ಸರ್ಕಾರ ಇದನ್ನು ಸ್ಪಷ್ಟಪಡಿಸಿತು. ಕಂಪನಿಯ ಪಾರ್ಟಿಗೆ, ಹೋಟೆಲಿನ ಹೊಸ ವರ್ಷದ ಕಾರ್ಯಕ್ರಮಕ್ಕೆ ಈ ವಿನಾಯಿತಿ ಇಲ್ಲ. ಅಲ್ಲಿ ಲೈಸೆನ್ಸ್ ಯಾರು ಪಡೆಯುತ್ತಾರೆಂಬುದನ್ನು ಮುಂಗಡ ತೆಗೆದುಕೊಳ್ಳುವಾಗಲೇ ಬರೆಸಿಕೊಳ್ಳಿ.

ಹೊಸ ಕಂಟ್ರೋಲರ್ ಕೊಳ್ಳುವ ದಿನ ನಿಮ್ಮದೇ ಲ್ಯಾಪ್‌ಟಾಪ್, ನಿಮ್ಮದೇ ಮೈಕ್, ನಿಮ್ಮದೇ ಕೇಬಲ್ ಅಂಗಡಿಗೆ ಒಯ್ದು ಎಲ್ಲವನ್ನೂ ಸಿಕ್ಕಿಸಿ ನೋಡಿ. ಹಳೆಯದನ್ನು ಮಾರಬೇಡಿ. ಮಾರಿದರೆ ಸಿಗುವ ಹಣ ಸ್ವಲ್ಪವೇ. ಹೊಸದು ಕೈಕೊಟ್ಟ ಸಂಜೆ, ಗಾಡಿಯಲ್ಲಿ ಬೇರೆ ಚೀಲದಲ್ಲಿರುವ ಆ ಎರಡು ಕೆಜಿ ಪೆಟ್ಟಿಗೆಯೊಂದಿಗೆ ಕಾರ್ಯಕ್ರಮ ಮುಗಿಸಬಹುದು.