ನೀರು ಕುಡಿದೇ ನೀರು ತಡೆಯುವ ಬಟ್ಟೆ

ಹೊಸ ಕ್ಯಾನ್ವಾಸ್ ಡೇರೆ ಹಾಕಿದವರು ಮೊದಲ ಮಳೆಗೇ ಗಾಬರಿಯಾಗುವುದುಂಟು. ಹೊಲಿಗೆಯುದ್ದಕ್ಕೂ ನೀರು ಜಿನುಗುತ್ತದೆ, ಮೂಲೆಯಲ್ಲಿ ಹನಿ ಬೀಳುತ್ತದೆ. ಅಂಗಡಿಯವರನ್ನು ಬೈಯುವ ಮೊದಲು ಒಂದು ಕೆಲಸ ಬಾಕಿ ಇದೆ. ಡೇರೆಯನ್ನು ಬಿಗಿದು ನಿಲ್ಲಿಸಿ ಚೆನ್ನಾಗಿ ನೆನೆಸಬೇಕು, ಪೂರಾ ಒಣಗಲು ಬಿಡಬೇಕು, ಮತ್ತೆ ನೆನೆಸಬೇಕು. ಎರಡು ಮೂರು ಸಲ ಹೀಗೆ ಮಾಡಿದರೆ ಸೋರುತ್ತಿದ್ದ ಹೊಲಿಗೆಗಳೇ ಬಹುಮಟ್ಟಿಗೆ ನೀರು ತಡೆಯುತ್ತವೆ.

ಇದರ ಗುಟ್ಟು ಹತ್ತಿಯ ಎಳೆಯಲ್ಲಿದೆ. ಅದರ ಶೇ. 90ಕ್ಕೂ ಹೆಚ್ಚು ಪಾಲು ಸೆಲ್ಯುಲೋಸ್. ಆ ಅಣುವಿನ ಮೈತುಂಬ ನೀರನ್ನು ಹಿಡಿದುಕೊಳ್ಳುವ ಹೈಡ್ರಾಕ್ಸಿಲ್ ಗುಂಪುಗಳಿವೆ. ಒಣಗಿದೆ ಎಂದು ನಾವು ಮಡಚಿಡುವ ಹತ್ತಿ ಬಟ್ಟೆಯಲ್ಲೂ ಸಾಧಾರಣ ಹವೆಯಲ್ಲಿ ತೂಕದ ಶೇ. 7–8ರಷ್ಟು ನೀರು ಇದ್ದೇ ಇರುತ್ತದೆ. ಇನ್ನಷ್ಟು ನೀರು ಸೇರಿದಾಗ ಎಳೆ ಉದ್ದವಾಗುವುದು ಅತ್ಯಲ್ಪ, ದಪ್ಪವಾಗುವುದೇ ಹೆಚ್ಚು. ಒತ್ತಾಗಿ ನೇಯ್ದ ಕ್ಯಾನ್ವಾಸಿನಲ್ಲಿ ಎಳೆಗಳು ಉಬ್ಬಿದರೆ ನಡುವಿನ ಕಿಂಡಿಗಳು ಮುಚ್ಚಿಕೊಳ್ಳುತ್ತವೆ. ಸೂಜಿ ಮಾಡಿದ ತೂತುಗಳೂ ಅಷ್ಟೇ: ಹೊಲಿಗೆಯ ದಾರ ಉಬ್ಬಿ, ಒಣಗಿ, ಮತ್ತೆ ಉಬ್ಬಿ, ತೂತಿನ ತುಂಬ ಕೂತುಬಿಡುತ್ತದೆ.

ಪ್ಲಾಸ್ಟಿಕ್ ಟಾರ್ಪಾಲಿನಲ್ಲಿ ಕಿಂಡಿಯೇ ಇಲ್ಲ. ಹಾಗಾಗಿ ಅದರಡಿ ಮಲಗಿದವರ ಉಸಿರಿನ ತೇವಕ್ಕೆ ಹೊರಹೋಗುವ ದಾರಿಯಿಲ್ಲ. ಬೆಳಗಿನ ಜಾವ ಅದೇ ಹನಿಯಾಗಿ ಹೊದಿಕೆಯ ಮೇಲೆ ತೊಟ್ಟಿಕ್ಕುತ್ತದೆ. ಕ್ಯಾನ್ವಾಸ್ ಮಳೆಯಲ್ಲಿ ಮುಚ್ಚಿಕೊಳ್ಳುತ್ತದೆ, ಬಿಸಿಲಿಗೆ ತೆರೆದುಕೊಳ್ಳುತ್ತದೆ. ಇಷ್ಟು ಜಾಣ ಬಟ್ಟೆ ಇನ್ನೊಂದು ನನಗೆ ಗೊತ್ತಿಲ್ಲ.

ಜೋರು ಮಳೆಯಲ್ಲಿ ಡೇರೆಯೊಳಗೆ ಕೂತು ಮಾಡಿನ ಬಟ್ಟೆಯನ್ನು ಬೆರಳಿನಿಂದ ಒಮ್ಮೆ ಒತ್ತಿ ನೋಡಿ. ಅಲ್ಲಿಯವರೆಗೆ ಒಣಗಿದ್ದ ಜಾಗದಲ್ಲಿ ತೇವ ಮೂಡಿ, ಹನಿಗಟ್ಟಿ, ತೊಟ್ಟಿಕ್ಕಲು ಶುರುವಾಗುತ್ತದೆ. ಎಳೆಗಳ ನಡುವೆ ಮೇಲ್ಮೈ ಎಳೆತದ ಬಲದಿಂದ ನಿಂತಿದ್ದ ನೀರಿಗೆ ಬೆರಳು ಸೇತುವೆಯಾಯಿತು. ಈಗ ಅದೇ ಬೆರಳನ್ನು ಆ ಜಾಗದಿಂದ ಗೋಡೆಯ ಬುಡದವರೆಗೆ ಬಟ್ಟೆಗೆ ತಾಗಿಸಿಯೇ ಎಳೆದರೆ, ಹನಿ ಆ ಗೆರೆಯನ್ನು ಹಿಡಿದು ಇಳಿದುಹೋಗುತ್ತದೆ.

ಬೆರಳು ಮಾಡುವ ಕೆಲಸವನ್ನು ಪೆಟ್ಟಿಗೆ, ಹಾಸಿಗೆ, ನೇತುಹಾಕಿದ ಅಂಗಿ ಕೂಡ ಮಾಡುತ್ತವೆ. ಡೇರೆಯ ಮೇಲೆ ಕಟ್ಟುವ ಎರಡನೆಯ ಹೊದಿಕೆಯೂ ಮಾಡುತ್ತದೆ, ಅದು ಮಾಡಿಗೆ ತಾಗಿಕೊಂಡಿದ್ದರೆ. ಹೊದಿಕೆ ಕಟ್ಟುವಾಗ ಹೆಚ್ಚಿನವರು ತಪ್ಪುವುದು ಇಲ್ಲೇ. ಬಟ್ಟೆಯ ಮೇಲೆ ಬಟ್ಟೆ ಹಾಸಿದರೆ ಸಾಲದು, ನಡುವೆ ಒಂದು ಗೇಣಿನಷ್ಟಾದರೂ ಗಾಳಿ ಆಡಬೇಕು. ಹೊದಿಕೆ ಡೇರೆಯ ಸೂರಿಗಿಂತ ಹೊರಕ್ಕೆ ಚಾಚಿರಬೇಕು, ಬೀಳುವ ನೀರು ಗೋಡೆಗೆ ತಾಗದಂತೆ. ಹಗಲಲ್ಲಿ ಬಿಸಿಲಿನ ಕಾವನ್ನು ಹೊದಿಕೆ ಹೀರುತ್ತದೆ, ನಡುವಿನ ಗಾಳಿ ಅದನ್ನು ಹೊತ್ತೊಯ್ಯುತ್ತದೆ. ಸೆಲ್ಯುಲೋಸ್ ಸರಪಳಿಯನ್ನು ಕಡಿಯುವ ನೇರಳಾತೀತ ಕಿರಣಗಳ ಪೆಟ್ಟೂ ಹೊದಿಕೆಗೇ ಬೀಳುತ್ತದೆ. ಮೋಡವಿಲ್ಲದ ರಾತ್ರಿಯಲ್ಲಿ ಆಕಾಶಕ್ಕೆ ಮೈಯೊಡ್ಡಿದ ಬಟ್ಟೆ ತನ್ನ ಶಾಖವನ್ನು ಸೂಸಿ ಸುತ್ತಲ ಗಾಳಿಗಿಂತ ತಣ್ಣಗಾಗುತ್ತದೆ, ಅದರ ಮೇಲೆ ಇಬ್ಬನಿ ಕೂರುತ್ತದೆ. ಹೊದಿಕೆಯಿದ್ದರೆ ತೋಯುವುದು ಹೊದಿಕೆ, ಮಾಡು ಒಣಗಿಯೇ ಇರುತ್ತದೆ. ಹಳತಾದಾಗ ಬದಲಿಸುವುದೂ ಹೊದಿಕೆಯನ್ನಷ್ಟೇ.

ಡೇರೆಯನ್ನು ಹಿಡಿದು ನಿಲ್ಲಿಸುವ ಗೂಟವನ್ನು, ಅದರ ತಲೆ ಡೇರೆಯಿಂದ ಆಚೆಗೆ ವಾಲುವಂತೆ ಹೊಡೆಯಬೇಕು. ಹಗ್ಗ ಯಾವುದು ಎಂಬುದನ್ನೂ ಗಮನಿಸಬೇಕು. ಹತ್ತಿ, ಸೆಣಬಿನ ಹಗ್ಗ ಒದ್ದೆಯಾದಾಗ ಎಳೆಗಳು ಉಬ್ಬಿ, ಹುರಿ ಬಿಗಿದು, ಗಿಡ್ಡವಾಗುತ್ತದೆ. ಸಂಜೆ ತಂತಿಯಂತೆ ಬಿಗಿದು ಮಲಗಿದರೆ ರಾತ್ರಿಯ ಮಳೆಗೆ ಗೂಟ ಕೀಳಬಹುದು, ಇಲ್ಲವೇ ಅಂಚಿನ ಹಿತ್ತಾಳೆ ಕಣ್ಣು ಬಟ್ಟೆ ಸಮೇತ ಹರಿದು ಬರಬಹುದು. ಇಂಥ ಹಗ್ಗವನ್ನು ಮಳೆಗೆ ಮುಂಚೆ ತುಸು ಸಡಿಲಿಸಬೇಕು. ನೈಲಾನ್ ಹಗ್ಗ ತದ್ವಿರುದ್ಧ: ನೆನೆದರೆ ಹಿಗ್ಗುತ್ತದೆ, ಆಮೇಲೆ ಬಿಗಿಯಬೇಕು.

ಎಲ್ಲಕ್ಕಿಂತ ದೊಡ್ಡ ಶತ್ರು ಬೂಷ್ಟು. ಎರಡನೆಯ ಮಹಾಯುದ್ಧದಲ್ಲಿ ಪೆಸಿಫಿಕ್ ಸಾಗರದ ದ್ವೀಪಗಳಿಗೆ ಹೋದ ಅಮೆರಿಕದ ಸೇನೆಗೆ ಇದರ ಬಿಸಿ ಚೆನ್ನಾಗಿ ತಟ್ಟಿತು. ಡೇರೆಗಳು, ಹತ್ತಿಯ ಪಟ್ಟಿಗಳು ಕೊಳೆತು ಕೈಗೆ ಬರತೊಡಗಿದವು. ಕಾರಣ ಹುಡುಕಲು ಹೊರಟ ಸೇನೆಯ ವಿಜ್ಞಾನಿಗಳು ಕೊಳೆತ ಬಟ್ಟೆಗಳಿಂದ ಶಿಲೀಂಧ್ರಗಳನ್ನು ಬೇರ್ಪಡಿಸಿ ಬೆಳೆಸಿದರು. ಅವುಗಳಲ್ಲೊಂದು, ಸಾಲೊಮನ್ ದ್ವೀಪಗಳ ಕ್ಯಾನ್ವಾಸಿನಿಂದ ಸಿಕ್ಕಿದ್ದು, ಸೆಲ್ಯುಲೋಸನ್ನು ಒಡೆದು ಸಕ್ಕರೆಯಾಗಿಸುವ ಸೆಲ್ಯುಲೇಸ್ ಕಿಣ್ವವನ್ನು ಧಾರಾಳವಾಗಿ ಸುರಿಸುತ್ತಿತ್ತು. ಅದರ ಮೇಲೆ ದುಡಿದ ಎಲ್ವಿನ್ ರೀಸ್ ಅವರ ಗೌರವಾರ್ಥ 1977ರಲ್ಲಿ ಅದಕ್ಕೆ ಟ್ರೈಕೋಡರ್ಮಾ ರೀಸೈ ಎಂದು ಹೆಸರಿಟ್ಟರು. ಜೀನ್ಸ್ ಬಟ್ಟೆಯನ್ನು ಮೆದುಮಾಡಲು, ಹುಲ್ಲು ದಂಟುಗಳಿಂದ ಎಥನಾಲ್ ತೆಗೆಯಲು ಇಂದು ಬಳಸುವ ಕಿಣ್ವಗಳಲ್ಲಿ ಹಲವು ಆ ಡೇರೆಯ ಬೂಷ್ಟಿನ ಸಂತತಿಯವು. ಸೈನಿಕರ ಸೂರನ್ನು ತಿಂದ ಜೀವಿಯಿಂದಲೇ ಇಂಧನ ತೆಗೆಯುವ ದಾರಿ ಸಿಕ್ಕಿತಲ್ಲ, ಆ ವಿಜ್ಞಾನಿಗಳ ತಾಳ್ಮೆ ದೊಡ್ಡದು.

ನೆನೆದ ಮಾತ್ರಕ್ಕೆ ಹತ್ತಿ ದುರ್ಬಲವಾಗುವುದಿಲ್ಲ, ಒದ್ದೆ ಎಳೆ ಒಣ ಎಳೆಗಿಂತ ಗಟ್ಟಿ. ನೆನೆದದ್ದನ್ನು ಹಾಗೇ ಮಡಚಿಟ್ಟಾಗ ಕೆಡುತ್ತದೆ. ಮಡಿಕೆಯೊಳಗಿನ ತೇವಕ್ಕೆ ಗಾಳಿಯಿಲ್ಲ, ಬೂಷ್ಟಿಗೆ ಊಟ ಸುತ್ತಲೂ ಇದೆ. ಸೇನೆಯ ಕ್ಯಾನ್ವಾಸಿಗೆ ತಾಮ್ರದ ನ್ಯಾಫ್ತನೇಟ್ ಹಚ್ಚುತ್ತಿದ್ದುದು ಇದಕ್ಕಾಗಿಯೇ; ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಮಲೆನಾಡಿನ ಅಡಿಕೆ ಬೆಳೆಗಾರರಿಗೆ ತಾಮ್ರದ ಈ ಗುಣವನ್ನು ಹೇಳಿಕೊಡಬೇಕಿಲ್ಲ.

ಮಳೆಯಲ್ಲೇ ಡೇರೆ ಕಿತ್ತು ಹೊರಡಬೇಕಾಗಿ ಬಂದರೆ, ಊರು ಸೇರಿದ ದಿನವೇ ಬಿಚ್ಚಿ ಹರವಬೇಕು. ಬಟ್ಟೆಯ ಮೈ ಬೇಗ ಒಣಗುತ್ತದೆ. ಹೊಲಿಗೆ, ಅಂಚಿನ ಪಟ್ಟಿ, ಹಗ್ಗ ಕಟ್ಟುವ ಮೂಲೆ ತಡವಾಗಿ ಒಣಗುತ್ತವೆ. ಅವನ್ನು ಕೈಯಿಂದ ಹಿಚುಕಿ ನೋಡಿಯೇ ಮಡಚಬೇಕು. ಮಣ್ಣಾಗಿದ್ದರೆ ಬರಿ ನೀರು, ಮೆತ್ತನೆಯ ಬ್ರಷ್ ಸಾಕು. ಸೋಪಿನ ಪುಡಿ ಬೇಡ. ಅದರ ಅಂಶ ಎಳೆಯಲ್ಲಿ ಉಳಿದರೆ ನೀರಿನ ಹನಿ ಉರುಳಿ ಹೋಗದೆ ಹರಡಿ ಇಂಗುತ್ತದೆ. ಕಪ್ಪು ಚುಕ್ಕೆ ಕಂಡರೆ ಬಟ್ಟೆಯನ್ನು ಒಣಗಿಸಿ, ಹೊರಗೆ ಗಾಳಿಯಲ್ಲಿ ಉಜ್ಜಿ ತೆಗೆಯಬೇಕು. ಬ್ಲೀಚಿಂಗ್ ಪುಡಿ ಹಾಕಿದರೆ ಕಲೆಯ ಜೊತೆ ಎಳೆಯೂ ಸವೆಯುತ್ತದೆ. ಚುಕ್ಕೆಯ ಗುರುತು ಉಳಿದರೆ ಉಳಿಯಲಿ, ಬಟ್ಟೆ ಗಟ್ಟಿಯಿದ್ದರೆ ಸಾಕು.